ಸಿಡಿಲಿಗೆ ಬಚ್ಚಲ ದಾರಿ

ಮುರ್ಗಲಜಡ್ಡಿಯ ಯಾವ ಸುದ್ದಿಯೂ ದುರ್ಗಿಯ ಕಿವಿ ಮುಟ್ಟದೆ ಊರು ಬಿಟ್ಟು ಹೋಗುತ್ತಿರಲಿಲ್ಲ. ಹೊರಗಿನ ಸುದ್ದಿಯೂ ಅಷ್ಟೇ. ಸಿರಸಿಯಲ್ಲಿ ಯಾರಿಗೆ ಹೆರಿಗೆಯಾಯಿತು, ಸಿದ್ದಾಪುರದಲ್ಲಿ ಯಾರ ಸಂಬಂಧ ಕುದುರಿತು, ಯಾರದು ಮುರಿಯಿತು ಎಂಬುದೆಲ್ಲ ಮೊದಲು ಗೊತ್ತಾಗುವುದು ಅವಳಿಗೆ, ಆಮೇಲೆ ಸಂಬಂಧಪಟ್ಟವರಿಗೆ. ಯಲ್ಲಾಪುರದ ಬಸ್ಸು ಇಡಗುಂದಿಯ ಕಡೆಗೆ ಹೊರಳುವ ತಿರುವಿನಲ್ಲಿ, ಸೊಸೈಟಿಯ ಹಳೇ ಗೋದಾಮಿಗೆ ತಾಗಿಕೊಂಡು ಅವಳ ಎಸ್‌ಟಿಡಿ ಬೂತು ಇತ್ತು. ಒಂದು ಫೋನು, ಕೆಂಪು ಅಂಕಿ ಓಡುವ ಮೀಟರಿನ ಪೆಟ್ಟಿಗೆ, ಗಾಜಿನ ಬಾಗಿಲಿನ ಒಂದು ಗೂಡು. ಬಾಗಿಲು ಎಷ್ಟು ಬಿಗಿಯಾಗಿ ಹಾಕಿಕೊಂಡರೂ ಒಳಗಿನ ಮಾತು ಹೊರಗೆ ಕೇಳುತ್ತಿತ್ತು. ಕೇಳದಿದ್ದರೆ ದುರ್ಗಿಯೇ ಎದ್ದು, ಸೆಖೆ ಅಲ್ವಾ, ಗಾಳಿ ಆಡ್ಲಿ ಎನ್ನುತ್ತ ಬಾಗಿಲನ್ನು ಅರ್ಧ ತೆಗೆದಿಡುತ್ತಿದ್ದಳು.

ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿ ಹೋಗಿತ್ತು. ಮೂವತ್ತು ದಾಟುವವರೆಗೂ ಅವಳ ಪಾಲಿಗೆ ಊರು ಅಂದರೆ ಅಣ್ಣ ಸಂಜಯನ ಅಡುಗೆಮನೆ. ಮನೆಯವರು ಮದುವೆಗೋ ಯಕ್ಷಗಾನದ ಆಟಕ್ಕೋ ಹೊರಟರೆ, ನೀನು ಇಲ್ಲೇ ಇರು, ಕಾಲು ನೋವಾಗ್ತದೆ ಎಂದು ಕೂರಿಸಿ ಹೋಗುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಸುಳ್ಳು ಯಾಕೆ ಹೇಳಬೇಕು. ಆದರೆ ಪ್ರೀತಿಯಿಂದ ಕೂರಿಸಿದರೂ ಕೂತದ್ದು ಕೂತದ್ದೇ ಅಲ್ಲವೇ? ಕಾಲಿನ ಊನ ಇದ್ದವರಿಗೆ ಬೂತು ಕೊಡುತ್ತಾರೆ ಎಂದು ಯಾರೋ ಹೇಳಿ, ಸಂಜಯ ನಾಲ್ಕು ಸಲ ಸಿರಸಿಗೆ ಅಲೆದು, ಕೊನೆಗೂ ಬೂತು ಬಂತು. ಅವತ್ತಿನಿಂದ ಲೆಕ್ಕ ತಿರುಗಿ ಬಿತ್ತು. ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಊರೇ ಅವಳಲ್ಲಿಗೆ ಬರುತ್ತಿತ್ತು. ಬಂದು, ದುರ್ಗಕ್ಕ, ಸ್ವಲ್ಪ ನಂಬರ್ ಹಚ್ಚಿಕೊಡು ಎಂದು ಬಾಗಿ ನಿಲ್ಲುತ್ತಿತ್ತು. ದುರ್ಗಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಭಾನುವಾರವೂ ಅವಳು ಬೂತು ಮುಚ್ಚುತ್ತಿರಲಿಲ್ಲ.

ಬೂತಿನ ಗೋಡೆಯ ಆಚೆ, ಗೋದಾಮಿನ ಒಳಕೋಣೆಯಲ್ಲಿ ಊರಿನ ಟೆಲಿಫೋನ್ ಎಕ್ಸ್‌ಚೇಂಜು. ಹೆಸರು ದೊಡ್ಡದು, ಗಾತ್ರ ಬಟ್ಟೆ ಇಡುವ ಕಪಾಟಿನಷ್ಟು. ಒಳಗೆ ಸಾಲಾಗಿ ಸಿಗಿಸಿದ ಹಸಿರು ಕಾರ್ಡುಗಳು, ಕೆಳಗೆ ಬ್ಯಾಟರಿಗಳು. ಸುತ್ತಲಿನ ಕೇರಿಗಳ ತಂತಿಗಳೆಲ್ಲ ಕಾಡು ಗುಡ್ಡ ಹತ್ತಿ ಇಳಿದು ಅಲ್ಲಿಗೇ ಬಂದು ಸೇರುತ್ತಿದ್ದವು. ಸಿಡಿಲಿಗೆ ಇನ್ನೇನು ಬೇಕು ಹೇಳಿ! ಗುಡ್ಡದ ತುದಿಯಲ್ಲಿ ಎಲ್ಲೋ ಬಡಿದರೂ ಸಾಕು, ಅದರ ಪೆಟ್ಟು ತಂತಿ ಹಿಡಿದು ಬಂದು ಕಾರ್ಡುಗಳನ್ನು ಸುಟ್ಟು ಹಾಕುತ್ತಿತ್ತು. ತೊಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಮತ್ತೆ ಮತ್ತೆ ಸುಟ್ಟಿತು. ಪ್ರತಿ ಸಲವೂ ಹೊಸ ಕಾರ್ಡು ಬರುವವರೆಗೆ ಊರಿಗೆ ಊರೇ ಮೂಕ, ದುರ್ಗಿಯ ಬೂತಿಗೆ ಬೀಗ.

ಎಕ್ಸ್‌ಚೇಂಜು ನೋಡಿಕೊಳ್ಳಲು ಯಲ್ಲಾಪುರದಿಂದ ಬರುತ್ತಿದ್ದ ಮೆಕ್ಯಾನಿಕ್ ಚನ್ನಯ್ಯ ಮುಂಡಗೋಡದ ಆಚೆಯವನು. ಮಾತಿನಲ್ಲಿ ಮರ್ಯಾದೆ ಜಾಸ್ತಿ, ಸುದ್ದಿಯಲ್ಲಿ ಯಾವಾಗಲೂ ಕೆಡುಕೇ. ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಬಂದವನು ಸ್ಟೂಲಿನ ಮೇಲೆ ಕೂತು ನೀರು ಕುಡಿದು ಹೇಳಿದ.

"ಸಾಹೇಬ್ರು ಖಡಕ್ಕಾಗಿ ಹೇಳ್ಯಾರ ನೋಡ್ರಿ ದುರ್ಗಕ್ಕ. ಇನ್ನೊಮ್ಮೆ ಕಾರ್ಡ್ ಸುಟ್ರ ಈ ಎಕ್ಸ್‌ಚೇಂಜ್ ಎತ್ತಿ ಕೊಪ್ಪದಗದ್ದಿಗೆ ಹಾಕ್ತಾರಂತ. ಬೂತೂ ಅದರ ಜೋಡಿನ ಹೋಗ್ತೈತ್ರಿ."

ಕೊಪ್ಪದಗದ್ದೆ ಹೊಳೆಯ ಆಚೆ. ಹೋಗಬೇಕೆಂದರೆ ಒಂಟಿ ಮರದ ಕಾಲುಸಂಕ ದಾಟಬೇಕು, ಅದು ದುರ್ಗಿಯ ಕಾಲಿಗೆ ಆಗದ ಮಾತು. ಬೂತು ಅಲ್ಲಿಗೆ ಹೋದರೆ ಅವಳು ಮತ್ತೆ ಅಡುಗೆಮನೆಗೆ. ಸಂಜೆ ಮನೆಯಲ್ಲಿ ಹೇಳಿಕೊಂಡರೆ ಅತ್ತಿಗೆ, ಹೋದ್ರೆ ಹೋಗ್ಲಿ ಬಿಡು, ಮನೇಲಿ ನಿಂಗೆ ಎಂತ ಕಡ್ಮೆ ಆಗೀತು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ದುರ್ಗಿ ಅವತ್ತು ಅರ್ಧ ಊಟಕ್ಕೇ ಎದ್ದಳು.

ಇಂಥ ಹೊತ್ತಿಗೆ ಊರಿಗೆ ಬಂದವರು ವೆಂಕಟ್ರಮಣ ಹೆಗಡೆಯವರು. ಗೋದಾಮಿನ ಹಿಂದಿನ ಬೇಲಿ ದಾಟಿದರೆ ರಾಜೀವಮ್ಮನ ಮನೆಯ ಹಿತ್ತಲು, ಆ ರಾಜೀವಮ್ಮನ ಮೈದುನ ಇವರು. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯ ಕೆಲಸ. ರೈಲೇ ಇಲ್ಲದ ತಾಲೂಕಿನಲ್ಲಿ ಹುಟ್ಟಿ, ಲೋಂಡಾ ಘಟ್ಟದ ಸ್ಟೇಶನ್ನುಗಳಲ್ಲಿ ಜೀವಮಾನ ಕಳೆದು, ನಿವೃತ್ತಿಯಾಗಿ ಅಣ್ಣನ ಮನೆ ಸೇರಿದ್ದರು. ಊರಿನವರು ಒಂದೇ ವಾರದಲ್ಲಿ ಅವರಿಗೆ ಸಿಗ್ನಲ್ ಹೆಗಡೆ ಎಂದು ಹೆಸರಿಟ್ಟರು. ಹೆಸರು ಇಡುವುದರಲ್ಲಿ ನಮ್ಮೂರವರನ್ನು ಮೀರಿಸುವವರಿಲ್ಲ. ಅವರೂ ಕಮ್ಮಿಯಿರಲಿಲ್ಲ, ಬಸ್ಸು ತಿರುವು ದಾಟಿದರೆ ಕೈಯೆತ್ತಿ ಲೈನ್ ಕ್ಲಿಯರ್ ಅನ್ನುತ್ತಿದ್ದರು.

ಬೆಳಗಿನ ಚಾ ಆದ ಮೇಲೆ ಅವರಿಗೆ ಹೊತ್ತು ಹೋಗುತ್ತಿದ್ದುದು ದುರ್ಗಿಯ ಬೂತಿನಲ್ಲಿ. ಅವಳ ಸಂಕಟ ಕೇಳಿ ಅವರು ನಕ್ಕುಬಿಟ್ಟರು. ಇದು ನಮ್ಮ ಹಳೇ ನೆಂಟನದೇ ಕೆಲಸ ಅಂದರು. ರೈಲಿನಲ್ಲಿಯೂ ಹೀಗೇ ಆಗುತ್ತಿತ್ತಂತೆ. ಹಳಿಯ ಪಕ್ಕ ಗಾಲಿ ಎಣಿಸುವ ಪೆಟ್ಟಿಗೆ ಇರುತ್ತದೆ. ಒಳಗೆ ಹೋದ ಗಾಲಿಗಳೆಲ್ಲ ಹೊರಗೆ ಬಂದವು ಎಂದು ಅದು ಲೆಕ್ಕ ಒಪ್ಪಿಸಿದರೆ ಮಾತ್ರ ಮುಂದಿನ ಗಾಡಿಗೆ ಹಸಿರು ದೀಪ. ಸಿಡಿಲು ಬಡಿದು ಆ ಪೆಟ್ಟಿಗೆ ಕೆಟ್ಟಿತೋ, ಖಾಲಿ ಹಳಿಯ ಮೇಲೂ ಗಾಡಿ ಇದೆ ಎಂದೇ ಹಟ ಹಿಡಿಯುತ್ತದೆ. ಹಿಂದಿನ ಗಾಡಿ ಕಾಡಿನ ಮಧ್ಯೆ ನಿಂತು ಕೂಗುತ್ತದೆ, ಪ್ಯಾಸೆಂಜರುಗಳು ಇಳಿದು ಬಂದು ಸಿಗ್ನಲಿನವರನ್ನು ಬೈಯುತ್ತಾರೆ. ಸಿಡಿಲನ್ನು ಬೈಯುವವರು ಯಾರೂ ಇಲ್ಲ.

"ಹಂಗಾದ್ರೆ ನೀವು ಅದ್ನ ಹೆಂಗೆ ತಡಿತಿದ್ರಿ ಹೆಗಡೇರೆ?" ಎಂದು ದುರ್ಗಿ ಕೇಳಿದಳು.

"ಸಿಡ್ಲನ್ನ ತಡೆಯಲೆ ಆಗ್ತಿಲ್ಲೆ ದುರ್ಗಿ. ಬಂದದ್ದಕ್ಕೆ ಹೋಪಲೆ ದಾರಿ ಕೊಡವು, ಅಷ್ಟೇಯ."

ಆಮೇಲೆ ಅವರು ಅವಳನ್ನು ಗೋದಾಮಿನ ಬಾಗಿಲಿಗೆ ಕರೆದುಕೊಂಡು ಹೋಗಿ, ಚನ್ನಯ್ಯನ ಕೈಯಲ್ಲಿ ಬೀಗ ತೆಗೆಸಿ ತೋರಿಸಿದರು. ತಂತಿಗಳು ಒಳಗೆ ಬರುವ ಜಾಗದಲ್ಲಿ ಒಂದೊಂದಕ್ಕೂ ಬೆರಳ ತುದಿಯಷ್ಟು ಒಂದು ಅರೆಸ್ಟರ್ ಇತ್ತು. ಮನುಷ್ಯರ ಮಾತು ಬಂದರೆ ಅದು ಸುಮ್ಮನಿರುತ್ತದೆ. ಸಿಡಿಲಿನ ಜೋರು ಬಂದರೆ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಕಾರ್ಡಿನ ಕಡೆಗೆ ಬಿಡದೆ, ದಪ್ಪ ತಾಮ್ರದ ತಂತಿಯ ಮೇಲೆ ಹಾಯಿಸಿ ನೆಲಕ್ಕೆ ಅಟ್ಟುತ್ತದೆ. ಎಲ್ಲ ಸರಿ. ಆದರೆ ನೆಲ ತೆಗೆದುಕೊಳ್ಳಬೇಕಲ್ಲ? ಒದ್ದೆ ನೆಲವಾದರೆ ಕುಡಿದುಬಿಡುತ್ತದೆ. ಮುರ್ಗಲಜಡ್ಡಿಯ ನೆಲವೋ ಚಿರೆಕಲ್ಲು, ಬೇಸಿಗೆಯಲ್ಲಿ ಒಣಗಿ ಹಪ್ಪಳ. ಮಳೆಗಾಲದಲ್ಲಿ ಬರುವ ಸಿಡಿಲಿಗೆ ತೊಂದರೆಯಿಲ್ಲ, ನೆಲ ನೆನೆದಿರುತ್ತದೆ. ಎಪ್ರಿಲ್ ಮೇ ತಿಂಗಳಲ್ಲಿ ಒಣನೆಲದ ಮೇಲೆ ಬಡಿಯುವ ಮೊದಲ ಸಿಡಿಲೇ ಕಂಟಕ. ನೆಲಕ್ಕೆ ಹೋಗಲು ದಾರಿ ಸಿಗದೆ ಅದು ವಾಪಸು ಬಂದು ಕಾರ್ಡನ್ನು ಸುಡುತ್ತಿತ್ತು.

ಸಿಗ್ನಲ್ ಹೆಗಡೆಯವರು ಮೊದಲು ರೈಲ್ವೆಯ ಪದ್ಧತಿಯಂತೆಯೇ ಹೊರಟರು. ಚನ್ನಯ್ಯನನ್ನು ಕಟ್ಟಿಕೊಂಡು ಗೋದಾಮಿನ ಪಕ್ಕ ಆಳದ ಗುಂಡಿ ತೋಡಿಸಿದರು. ತಾಮ್ರದ ಪಟ್ಟಿ ಇಳಿಸಿ ಸುತ್ತ ಇದ್ದಿಲು, ಹರಳುಪ್ಪು ತುಂಬಿದರು. ನೆಲ ತೀರಾ ಗಟ್ಟಿ ಎಂದು ಮೂಟೆಗಟ್ಟಲೆ ಉಪ್ಪು ಹಾಕಿ, ಮೇಲೆ ನೀರು ಹೊಯ್ದು, ಇನ್ನು ಇಂದ್ರನೇ ಬರಲಿ ಎಂದು ಮೀಸೆ ತಿರುವಿದರು. ಇಂದ್ರ ಬರಲಿಲ್ಲ. ಬಂದದ್ದು ಅವರದೇ ಅತ್ತಿಗೆ ರಾಜೀವಮ್ಮನ ಎಮ್ಮೆ.

ಎಮ್ಮೆಗೆ ಉಪ್ಪು ಅಂದರೆ ಪ್ರಾಣ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹೆಗಡೆಯವರು ಹುಟ್ಟಿದ್ದೂ ಇಲ್ಲಿಯೇ, ಆದರೆ ಅಷ್ಟು ವರ್ಷ ಹಳಿಯ ಪಕ್ಕ ಇದ್ದವರಿಗೆ ಎಮ್ಮೆ ಮರೆತೇಹೋಗಿತ್ತು. ಬೇಲಿ ಮುರಿದು ಬಂದ ಎಮ್ಮೆ ಮಣ್ಣು ನೆಕ್ಕಿತು, ಸಾಲದೆ ಕೋಡು ಹಾಕಿ ಅಗೆಯಿತು, ತಾಮ್ರದ ತಂತಿಯನ್ನು ಕೋಡಿಗೆ ಸುತ್ತಿಕೊಂಡು ಮದುವಣಗಿತ್ತಿಯ ಹಾಗೆ ಮನೆಗೆ ಹೋಯಿತು. ಹೆಗಡೆಯವರು ಅದರ ಎದುರು ನಿಂತು ಅರ್ಥಿಂಗಿನ ಮಹತ್ವ ಹೇಳಿದ್ದನ್ನು ಊರೆಲ್ಲ ನೋಡಿತು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಗಾದೆಯಲ್ಲಿ ಕೇಳಿದ್ದೆವು, ಕಣ್ಣಾರೆ ಕಂಡದ್ದು ಅವತ್ತೇ.

ಮಾರನೆಯ ದಿನ ಬೂತಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ ಹೆಗಡೆಯವರು, ಉಪ್ಪಿಲ್ಲದೆ ಬೇಸಿಗೆಯಲ್ಲೂ ಒದ್ದೆಯಾಗಿರುವ ಜಾಗ ಬೇಕು, ಈ ಊರಿನಲ್ಲಿ ಎಲ್ಲಿಂದ ತರುವುದು ಎಂದು ನಿಟ್ಟುಸಿರು ಬಿಟ್ಟರು. ದುರ್ಗಿಗೆ ಬೂತಿನ ಚಿಂತೆಯ ಜೊತೆ ಎಮ್ಮೆಯ ಪ್ರಸಂಗದ ನಗುವೂ ಇನ್ನೂ ಇಳಿದಿರಲಿಲ್ಲ. ಅಂಥ ಜಾಗ ಊರಿಗೆ ಒಂದೇ, ನಿಮ್ಮನೆ ಬಚ್ಚಲು ಎಂದು ಅವಳು ತಮಾಷೆಗೆ ಅಂದಳು. ಹೆಗಡೆಯವರು ನಗಲಿಲ್ಲ. ಅವಳ ಮುಖವನ್ನೇ ನೋಡಿ, ಚಪ್ಪಲಿ ಮೆಟ್ಟಿ ಮನೆಯ ಕಡೆಗೆ ಓಡುವ ಹಾಗೆ ಹೋದರು.

ರಾಜೀವಮ್ಮನ ಮನೆ ಮಕ್ಕಳು ಮರಿ ಸೇರಿ ತುಂಬಿ ತುಳುಕುವ ಮನೆ. ಬೆಳಗ್ಗೆ ಹಂಡೆಯ ಕೆಳಗೆ ಬೆಂಕಿ ಹಾಕಿದರೆ ಆರುವುದು ಮಧ್ಯಾಹ್ನಕ್ಕೆ. ಎಲ್ಲರ ಸ್ನಾನ, ಮಡಿಬಟ್ಟೆ, ಪಾತ್ರೆ ತೊಳೆದ ಬೂದಿನೀರು, ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ನೀರು, ಎಲ್ಲ ಒಂದೇ ಕಾಲುವೆಯಲ್ಲಿ ಹರಿದು ಹಿತ್ತಲ ತುದಿಯ ಬಾಳೆ ಬುಡ ಸೇರುತ್ತಿತ್ತು. ಮೇ ತಿಂಗಳಿನಲ್ಲಿ ಊರೆಲ್ಲ ಒಣಗಿದರೂ ಅಲ್ಲಿ ಕೆಸುವಿನ ಸೊಪ್ಪು ಮೊರದಷ್ಟು ಅಗಲ. ಬೂದಿ, ಸಾಬೂನು, ಕಾಲಾಂತರದ ಕೊಳೆ ತಿಂದ ಆ ಮಣ್ಣು ಸಿಡಿಲು ಕುಡಿಯಲಿಕ್ಕೆ ಹೇಳಿ ಮಾಡಿಸಿದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಹಿತ್ತಲ ಬಚ್ಚಲು ಮದ್ದಾಗಬಾರದು ಎಂದು ಎಲ್ಲಿಯೂ ಹೇಳಿಲ್ಲ.

ರಾಜೀವಮ್ಮ ಒಪ್ಪಬೇಕಿತ್ತಲ್ಲ! ಗುಡುಗು ಕೇಳಿದರೆ ಅರ್ಜುನ ಫಲ್ಗುಣ ಎಂದು ಪಾರ್ಥನ ಹತ್ತು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಂಗಸು ಅವರು. ಯನ್ನ ಬಚ್ಚಲಿಗೆ ಸಿಡ್ಲು ಕರ್ಕ ಬತ್ಯ ಎಂದು ಮೈದುನನ ಮೇಲೆ ಹರಿಹಾಯ್ದರು. ಬಚ್ಚಲಿಗಲ್ಲ ಅತ್ತಿಗೆ, ಅಷ್ಟು ದೂರದ ಬಾಳೆ ಬುಡಕ್ಕೆ ಎಂದು ಅವರು ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಅದು ನಾಟಲಿಲ್ಲ. ಎಕ್ಸ್‌ಚೇಂಜು ಹೋದರೆ ಸಿದ್ದಾಪುರದ ನಿಮ್ಮ ತಂಗಿಯ ಹತ್ತಿರ ದಿನಾ ಮಾತಾಡುವುದೂ ಹೋಯಿತು ಎಂದದ್ದು ನಾಟಿತು. ಆದರೂ ಒಂದು ಕರಾರು ಹಾಕಿದರು. ಗುಂಡಿ ತೋಡುವವರು ಬೇಲಿಯ ಆಚೆಯಿಂದಲೇ ಬರಬೇಕು, ಅಂಗಳದ ಕಡೆ ಕಾಲಿಡಬಾರದು, ಬಾವಿಯ ಹತ್ತಿರವಂತೂ ಸುಳಿಯಬಾರದು.

ಈ ಬಾವಿಯ ವಿಷಯ ಒಂದು ಮಾತು ಹೇಳಬೇಕು. ಆ ಬಾವಿಯ ಹಗ್ಗವನ್ನು ಆ ಮನೆಯವರಲ್ಲದೆ ಬೇರೆಯವರು ಮುಟ್ಟುತ್ತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಜಗಳ ಮಾಡಿರಲಿಲ್ಲ, ಮುಟ್ಟುವುದಿಲ್ಲ ಅಷ್ಟೇ. ದುರ್ಗಿಯ ಬೂತಿಗೆ ಕುಡಿಯುವ ನೀರು ದಿನವೂ ಅಲ್ಲಿಂದಲೇ ಬರುತ್ತಿತ್ತು. ರಾಜೀವಮ್ಮ ಸ್ವತಃ ಸೇದಿ, ಕಟ್ಟೆಯ ಕೆಳಗೆ ಇಟ್ಟ ದುರ್ಗಿಯ ಬಿಂದಿಗೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಕಾಲು ನೋವಾ, ಗಂಜಿ ಉಂಡ್ಯಾ ಎಂದು ವಿಚಾರಿಸುತ್ತಲೇ ಹೊಯ್ಯುತ್ತಿದ್ದರು, ಬಿಂದಿಗೆ ಮಾತ್ರ ಕಟ್ಟೆಯ ಮೇಲೆ ಏರುತ್ತಿರಲಿಲ್ಲ. ದುರ್ಗಿಗೆ ಅದು ಬೇಜಾರೆಂದು ಅನ್ನಿಸಿಯೂ ಇರಲಿಲ್ಲ, ಅನ್ನಿಸದೆಯೂ ಇರಲಿಲ್ಲ.

ಮಾರ್ಚ್ ತಿಂಗಳಿನಲ್ಲಿ ಕೆಲಸ ಮುಗಿಯಿತು. ಗೋದಾಮಿನಿಂದ ಬಾಳೆ ಬುಡದವರೆಗೆ ತಾಮ್ರದ ತಂತಿ ಹೂತರು. ಚನ್ನಯ್ಯ ಮೀಟರು ಹಚ್ಚಿ ನೋಡಿದರೆ ಮುಳ್ಳು ಹಿಂದೆಂದೂ ಇಳಿಯದಷ್ಟು ಕೆಳಗೆ ಇಳಿದಿತ್ತು, ಅಂದರೆ ಸಿಡಿಲು ಕುಡಿಯಲು ನೆಲ ಒಪ್ಪಿತ್ತು. ಅರ್ಥಿಂಗ್ ಎಲ್ಲಿ ಕೊಟ್ಟಿದ್ದು ಎಂದು ಮೇಲಿನವರು ಕೇಳಿದಾಗ ಅವನು, ಹಿತ್ತಲದಾಗ್ರಿ ಎಂದಷ್ಟೇ ಹೇಳಿ ಮಾತು ತಿರುಗಿಸಿದ. ಎಪ್ರಿಲ್ಲಿನ ಮೊದಲ ಗುಡುಗು ಬಂದು ಹೋಯಿತು, ಕಾರ್ಡುಗಳಿಗೆ ಏನೂ ಆಗಲಿಲ್ಲ. ಅವತ್ತಿನಿಂದ ಹೆಗಡೆಯವರ ಮನೆಯ ಸ್ನಾನ ಊರಿನ ಕಾರ್ಯವಾಯಿತು. ಸ್ನಾನ ಆಯ್ತೋ ಎಂದು ದಾರಿಯಲ್ಲಿ ಹೋಗುವವರೆಲ್ಲ ಬೇಲಿಯ ಮೇಲಿಂದ ಕೇಳುವವರೇ. ಮಕ್ಕಳು ಸ್ನಾನಕ್ಕೆ ಕಳ್ಳಬಿದ್ದರೆ ರಾಜೀವಮ್ಮ, ಊರಿನ ಫೋನು ಹಾಳಾಗ್ತು ನೋಡು ಎಂದು ಅಟ್ಟಿಸಿಕೊಂಡು ಹೋಗುವರು. ದುರ್ಗಿ ದಿನಾ ಬೆಳಗ್ಗೆ ಹಂಡೆಯ ಹೊಗೆ ಎದ್ದದ್ದು ನೋಡಿಯೇ ಬೂತಿನ ಬಾಗಿಲು ತೆಗೆಯುವಳು.

ಮೇ ತಿಂಗಳಿನಲ್ಲಿ ಆ ಹೊಗೆ ನಿಂತಿತು. ಹೆಗಡೆಕಟ್ಟಾದಲ್ಲಿ ರಾಜೀವಮ್ಮನ ಅಣ್ಣನ ಮಗಳು ಸಮೃದ್ಧಿಯ ಮದುವೆ. ಮನೆಗೆ ಮನೆಯೇ ವಾರದ ಮಟ್ಟಿಗೆ ಹೊರಟಿತು, ಸಿಗ್ನಲ್ ಹೆಗಡೆಯವರೂ ಹೊರಟರು. ಎಮ್ಮೆಯನ್ನು ಮಂಜಿ ಎಂಬ ಕೆಲಸದವಳ ಮನೆಯಲ್ಲಿ ಕಟ್ಟಿ ಬಂದರು. ಬಚ್ಚಲನ್ನು ಯಾರ ಮನೆಯಲ್ಲಿ ಕಟ್ಟುವುದು? ಬಸ್ಸು ಹತ್ತುವ ಮೊದಲು ಹೆಗಡೆಯವರು ದುರ್ಗಿಗೆ, ಬಾಳೆ ಬುಡ ಒಣಗದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ನಿನ್ನದು ಎಂದು ಹೇಳಿ ಹೋದರು. ಗುಡುಗು ಕೇಳಿದ ಮೇಲೆ ಮಾತ್ರ ಹೊರಗೆ ಇರಬೇಡ, ಒಳಗೆ ಬಂದು ಫೋನಿನ ಪ್ಲಗ್ಗು ಕಿತ್ತಿಡು ಎಂದೂ ಹೇಳಿದರು.

ದುರ್ಗಿ ಹೆಚ್ಚು ಯೋಚಿಸಲಿಲ್ಲ. ಫೋನು ಮಾಡಬೇಕಾದವರು ಮೊದಲು ರಸ್ತೆಯ ಬೋರ್‌ವೆಲ್ಲಿನಿಂದ ಒಂದು ಕೊಡ ನೀರು ತಂದು, ಬೇಲಿಯ ಸಂದಿಯಿಂದ ಬಾಳೆ ಬುಡಕ್ಕೆ ಹಾಕಬೇಕು ಎಂದು ಕಾನೂನು ಮಾಡಿದಳು. ಬೂತಿನ ಬಾಗಿಲಲ್ಲಿ ಕೊಡ ಇಟ್ಟೇಬಿಟ್ಟಳು. ದೊಡ್ಡವರು ಸಣ್ಣವರು ಎಂದಿಲ್ಲ. ಇಸ್ತ್ರಿ ಅಂಗಿಯ ಮೇಷ್ಟ್ರು ಗೊಣಗುತ್ತ ಹೊತ್ತರು. ಪಂಚಾಯತಿ ಮೆಂಬರು ತನ್ನ ಸ್ಥಾನಮಾನದ ಮಾತೆತ್ತಿದ, ಹಾಗಾದರೆ ಯಲ್ಲಾಪುರಕ್ಕೆ ಹೋಗಿ ಮಾಡಿ ಬನ್ನಿ ಎಂದು ದುರ್ಗಿ ಬಸ್ಸಿನ ಹೊತ್ತು ಹೇಳಿದಳು. ಅವನೂ ಹೊತ್ತ. ಹೆಚ್ಚು ಹೊತ್ತು ಮಾತಾಡುವವರಿಗೆ ಎರಡು ಕೊಡ. ಹೊಸದಾಗಿ ನಿಶ್ಚಿತಾರ್ಥವಾದ ಹುಡುಗನೊಬ್ಬ ಒಂದು ಸಂಜೆ ಅರ್ಧ ಹಿತ್ತಲನ್ನೇ ನೆನೆಸಿದ. ಎಲ್ಲ ಸುಸೂತ್ರ ನಡೆಯಿತು, ಬೋರ್‌ವೆಲ್ಲಿನ ಹಿಡಿ ಮುರಿಯುವವರೆಗೆ.

ಹಿಡಿ ಮುರಿದದ್ದು ಮದುವೆಯ ಹಿಂದಿನ ದಿನ. ಅವತ್ತು ಸಂಜೆ ರಾಜೀವಮ್ಮ ಮದುವೆ ಮನೆಯಿಂದ ಫೋನು ಮಾಡಿದರು. ದುರ್ಗಿ ಹಿಡಿ ಮುರಿದ ಸುದ್ದಿ ಹೇಳಿದಳು. ನಿಮ್ಮ ಬಾವಿಯಿಂದ ಸೇದಲಾ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬೇಡ ಅಂದುಬಿಟ್ಟರೆ ನಾಳೆಯಿಂದ ಮುಖ ಮುಖ ನೋಡುವುದು ಹೇಗೆ ಎಂದು ನುಂಗಿಕೊಂಡಳು. ಆ ಕಡೆ ರಾಜೀವಮ್ಮನೂ ಬಾವಿಯ ಮಾತೆತ್ತಲಿಲ್ಲ. ಎಂತಾರು ಮಾಡು ಹುಡ್ಗಿ ಎಂದು ಫೋನು ಇಟ್ಟರು.

ಮರುದಿನ ಊರಿನಲ್ಲಿ ಅರ್ಧ ಜನ ಮದುವೆಗೆ ಹೋಗಿದ್ದರು, ಉಳಿದವರು ಸೆಖೆಗೆ ಮಲಗಿದ್ದರು. ಬೂತಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಾಗೋಡಿನ ಕಣಿವೆಯ ಕಡೆಯಿಂದ ಮೋಡ ಏಳತೊಡಗಿತು. ಎದ್ದದ್ದು ನಿಲ್ಲಲಿಲ್ಲ. ದುರ್ಗಿ ಕೋಲು ಊರಿಕೊಂಡು ಗೋದಾಮಿನ ಹಿಂದೆ ಹೋಗಿ ನೋಡಿದಳು. ಬಾಳೆ ಬುಡದ ಮಣ್ಣು ಬಿಳಿಚಿ ಬಿರುಕು ಬಿಟ್ಟಿತ್ತು, ಕೆಸು ತಲೆ ಬಗ್ಗಿಸಿತ್ತು. ಅವಳಿಗೆ ಕೊಪ್ಪದಗದ್ದೆಯ ಕಾಲುಸಂಕ ಕಂಡಿತು. ಅತ್ತಿಗೆಯ ಅಡುಗೆಮನೆ ಕಂಡಿತು, ಒಲೆಯ ಪಕ್ಕದ ತನ್ನ ಮಣೆ ಕಂಡಿತು.

ಬೇಲಿಯ ತಡಮೆ ಸರಿಸಿ ಅವಳು ಹಿತ್ತಲಿನೊಳಗೆ ಕಾಲಿಟ್ಟಳು. ಯಾರಾದರೂ ನೋಡುತ್ತಾರೋ ಎಂದು ತಿರುಗಿ ನೋಡಿದಳು. ಬಾವಿಕಟ್ಟೆಯ ಎದುರು ಬಂದು ನಿಂತಳು. ದಿನಾ ಬಿಂದಿಗೆ ಇಡುವ ಜಾಗ ನೆಲದಲ್ಲಿ ದುಂಡಗೆ ಗುಳಿ ಬಿದ್ದಿತ್ತು. ಅವಳು ಅದನ್ನು ದಾಟಿ ಕಟ್ಟೆ ಹತ್ತಿದಳು. ಕಾಲು ಸೊರಗಿದ್ದರೂ ಕೋಲು ಊರಿ ಊರಿ ಅವಳ ತೋಳುಗಳು ಗಟ್ಟಿಯಾಗಿದ್ದವು. ಸೊಂಟವನ್ನು ಕಟ್ಟೆಯ ಕಂಬಕ್ಕೆ ಆನಿಸಿ, ಹಗ್ಗ ಹಿಡಿದು ಕೊಡ ಇಳಿಬಿಟ್ಟಳು. ತಪ್ಪೋ ಸರಿಯೋ ಆಮೇಲೆ ನೋಡುವ, ಮೊದಲು ನೀರು ಮೇಲೆ ಬರಲಿ ಎಂದುಕೊಂಡಳು.

ಸೇದಿದ ನೀರನ್ನು ಹೊರಬೇಕಾಗಿರಲಿಲ್ಲ. ಪಕ್ಕದ ಒಗೆಯುವ ಕಲ್ಲಿನ ಮೇಲೆ ಸುರಿದರೆ ಕಾಲುವೆ ಹಿಡಿದು ತಾನೇ ಬಾಳೆ ಬುಡಕ್ಕೆ ಹರಿಯುತ್ತಿತ್ತು. ಮೊದಲ ಕೊಡಗಳನ್ನು ಕಾಲುವೆಯೇ ಕುಡಿದುಬಿಟ್ಟಿತು. ಅವಳು ಸೇದಿದಳು, ಸುರಿದಳು, ಮತ್ತೆ ಸೇದಿದಳು. ಅಂಗೈ ಉರಿಯಿತು. ಹಗ್ಗದ ಎಳೆಗಳು ಬಿಚ್ಚಿ ಕೈಗೆ ಚುಚ್ಚುತ್ತಿದ್ದವು. ಬಾಳೆ ಬುಡದಲ್ಲಿ ನೀರು ನಿಂತು ಕಪ್ಪಗೆ ಮಿನುಗಿದಾಗ ದೂರದಲ್ಲಿ ಗುಡುಗಿತು. ಹೆಗಡೆಯವರ ಮಾತು ನೆನಪಾಗಿ ಕೊಡ ಅಲ್ಲೇ ಬಿಟ್ಟು, ಕುಂಟುತ್ತ ಓಡುತ್ತ ಬೂತು ಸೇರಿ ಪ್ಲಗ್ಗು ಕಿತ್ತಳು.

ಆಮೇಲೆ ಬಂದದ್ದನ್ನು ಗುಡುಗು ಅನ್ನುವುದು ಕಡಿಮೆಯಾದೀತು. ಕರೆಂಟು ಹೋಯಿತು, ಹಗಲು ಕತ್ತಲೆಯಾಯಿತು. ದುರ್ಗಿ ಸ್ಟೂಲಿನ ಮೇಲೆ ಕಾಲೆತ್ತಿಕೊಂಡು ಕೂತು ರಾಜೀವಮ್ಮನ ಹಾಗೆ ಅರ್ಜುನನ ಹೆಸರು ಹೇಳಲು ನೋಡಿದಳು. ಅರ್ಜುನ ಆದ ಮೇಲೆ ಮುಂದಿನದು ಬರಲಿಲ್ಲ. ಅರ್ಜುನ ಅರ್ಜುನ ಎಂದು ಅದನ್ನೇ ಹತ್ತು ಸಲ ಹೇಳಿದಳು. ಆಗ ಗುಡ್ಡದ ತುದಿಗೆ ಬಡಿಯಿತು. ಬೂತಿನ ಗಾಜು ಅದುರಿತು, ಗೋಡೆಯಾಚೆ ಎಕ್ಸ್‌ಚೇಂಜಿನ ಕೋಣೆಯಲ್ಲಿ ಚಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು.

ಮಳೆ ಸುರಿದು ನಿಂತಿತು. ಬಿಸಿಲೂ ಬಂತು, ನಾಚಿಕೆಯಿಲ್ಲದ ಬಿಸಿಲು. ದುರ್ಗಿಗೆ ಪ್ಲಗ್ಗು ಸಿಗಿಸಲು ಧೈರ್ಯವಾಗಲಿಲ್ಲ. ಆ ವಾಸನೆ ಅವಳಿಗೆ ಗೊತ್ತಿತ್ತು, ಹಿಂದಿನ ವರ್ಷ ಕಾರ್ಡು ಸುಟ್ಟಾಗಲೂ ಇದೇ ವಾಸನೆ. ಸಿಗಿಸದೆ ಇರುವವರೆಗೆ ಬೂತು ಇದೆ, ಸಿಗಿಸಿ ಎತ್ತಿ ನೋಡಿದಾಗ ಸದ್ದಿಲ್ಲದಿದ್ದರೆ ಇಲ್ಲ. ಹಾಗೆ ಎಷ್ಟೋ ಹೊತ್ತು ಕೂತು, ಕೊನೆಗೆ ಹಾಳಾಗಿ ಹೋಗ್ಲಿ ಎಂದು ಕಣ್ಣು ಮುಚ್ಚಿ ಸಿಗಿಸಿದಳು. ಎತ್ತಿ ನೋಡಬೇಕೆಂದು ಅವಳು ಕೈ ಚಾಚುವುದರೊಳಗೆ ಫೋನು ತಾನೇ ರಿಂಗಾಯಿತು.

"ಆಗಿಂದ ಹಚ್ತಾ ಇದ್ದಿ, ಎಂತಕ್ಕೆ ಎತ್ತಿದ್ದಿಲ್ಲೆ?" ಎಂದರು ರಾಜೀವಮ್ಮ. ಹಿಂದೆ ವಾಲಗ ಕೇಳುತ್ತಿತ್ತು. "ಇಲ್ಲೂ ಸಿಡ್ಲು ಅಂದ್ರೆ ಸಿಡ್ಲು. ಬಚ್ಚಲಿಗೆ ನೀರು ಹಾಕಿದ್ಯನೆ?"

"ಹಾಕಿನಿ ಅಮ್ಮ."

"ನೀನೇ ನಿನ್ನೆ ಬೋರಿನ ಹಿಡಿ ಮುರಿದ್ದು ಹೇಳಿದ್ದೆ. ನೀರು ಎಲ್ಲಿಂದ ತಂದೆ?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳುವುದರಲ್ಲಿ ದುರ್ಗಿ ಹಿಂದೆ ಬಿದ್ದವಳೂ ಅಲ್ಲ. ಆದರೆ ಉರಿಯುವ ಅಂಗೈಯಲ್ಲಿ ರಿಸೀವರು ಹಿಡಿದುಕೊಂಡು ಅವಳಿಗೆ ಯಾಕೋ ಸುಳ್ಳು ಬೇಡ ಅನ್ನಿಸಿತು.

"ನಿಮ್ಮ ಬಾವಿಂದ. ನಾನೇ ಸೇದಿದೆ."

ಆ ಕಡೆ ವಾಲಗ ಊದುತ್ತಿತ್ತು. ಯಾರೋ ಅತ್ತೆ ಅತ್ತೆ ಎಂದು ಕರೆದರು. ದುರ್ಗಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಎಕ್ಸ್‌ಚೇಂಜು ಉಳಿದ ಸಂತೋಷ ಇನ್ನೂ ಎದೆಗೆ ಇಳಿದಿರಲಿಲ್ಲ, ಅದಕ್ಕಿಂತ ಮೊದಲು ಈ ಹೆದರಿಕೆ ಬಂದು ಕೂತಿತ್ತು.

"ಆ ಹಗ್ಗ ಹಳತಾಗಿ ಲಡ್ಡಾಜು ಮಾರಾಯ್ತಿ," ಎಂದರು ರಾಜೀವಮ್ಮ. "ತುಂಡಾಗಿ ನೀನೂ ಕೊಡದ ಜೊತಿಗೆ ಬಾವಿಗೆ ಬಿದ್ದಿದ್ರೆ ಎಂತ ಮಾಡ್ತಿದ್ದೆ? ಬಚ್ಚಲ ಮಾಡಿನ ಗಳಕ್ಕೆ ಹೊಸ ಹಗ್ಗ ನೇತಾಕಿದ್ದಿ. ನಾಳಿಂದ ಅದನ್ನ ಕಟ್ಕ್ಯ."

ಫೋನು ಇಟ್ಟ ಮೇಲೆ ದುರ್ಗಿ ಅತ್ತಳು. ಬೂತು ಉಳಿದದ್ದಕ್ಕೋ, ಹಗ್ಗದ ಮಾತಿಗೋ ಅವಳಿಗೇ ಗೊತ್ತಾಗಲಿಲ್ಲ. ಚೆನ್ನಾಗಿ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಮದುವೆಯ ಸುದ್ದಿ ಕೇಳಲು ಬಂದವರಿಗೆ ಏನೂ ಆಗದ ಹಾಗೆ ನಂಬರು ಹಚ್ಚಿಕೊಟ್ಟಳು.

ಮರುದಿನ ಬೆಳಗಿನ ಬಸ್ಸಿಗೆ ಓಡಿಬಂದ ಚನ್ನಯ್ಯ ಬೀಗ ತೆಗೆದು ನೋಡಿದ. ನಾಲ್ಕಾರು ಅರೆಸ್ಟರುಗಳು ಕರಿಕಾಗಿ ಸತ್ತಿದ್ದವು, ವಾಸನೆ ಅವುಗಳದೇ. ಕಾರ್ಡುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇಂಥಾ ಹೊಡತ ತಡಕೊಂಡ ಮ್ಯಾಲ ಇದನ್ನ ಎತ್ತಾಕ ಯಾರೂ ಬರಂಗಿಲ್ರಿ ದುರ್ಗಕ್ಕ ಎಂದು ಅವನು ಗೋಡೆಯ ಈಚೆಗೆ ಕೂಗಿ ಹೇಳಿದ. ಬೂತಿನಲ್ಲಿ ಯಾರೂ ಇರಲಿಲ್ಲ.

ದುರ್ಗಿ ಬಾವಿಕಟ್ಟೆಯ ಮೇಲೆ ನಿಂತು ಹೊಸ ಹಗ್ಗ ಕಟ್ಟುತ್ತಿದ್ದಳು. ಹಿಂದಿನ ದಿನದ ಮಳೆಗೆ ಬಾಳೆ ಬುಡ ನೆನೆದಿತ್ತು, ಅವತ್ತು ಬಚ್ಚಲಿಗೆ ನೀರು ಹಾಕುವ ಜರೂರು ಇರಲಿಲ್ಲ. ಗಂಟು ಬಿಗಿದು ಎಳೆದು ನೋಡಿ, ಕೊಡ ಇಳಿಬಿಟ್ಟು, ತುಂಬಿದ್ದನ್ನು ನಿಧಾನವಾಗಿ ಮೇಲೆ ಸೇದಿದಳು. ಆಮೇಲೆ ನೆಲದ ಗುಳಿಯಲ್ಲಿದ್ದ ತನ್ನ ಬಿಂದಿಗೆಯನ್ನು ಎತ್ತಿ ಕಟ್ಟೆಯ ಮೇಲೆ ಇಟ್ಟು, ಕುಡಿಯುವ ನೀರು ತುಂಬಿಕೊಂಡಳು.